ಮೂಲೆ ಬದಲಿಸಿದ ಮೋಟಾರು

"ಅಜ್ಜಾರೆ, ತಪ್ಪು ನನ್ನಲ್ಲಿದೆಯೋ ನನ್ನ ಸುತ್ತಲಿನವರಲ್ಲಿದೆಯೋ ಎಂದು ತಿಳಿಯುವುದು ಹೇಗೆ?"

ಕೇಳಿದವನು ಅಡಿವೆಯ್ಯ. ಅಜ್ಜಾರ ಮಠಕ್ಕೆ ಶಿಷ್ಯನಾಗಿ ಬಂದು ಹತ್ತು ತಿಂಗಳಾಗಿತ್ತು. ಬಟ್ಟೆಯ ಗಂಟನ್ನು ಬಗಲಲ್ಲಿ ಇಟ್ಟುಕೊಂಡೇ ಕೇಳಿದ. ಮಧ್ಯಾಹ್ನದ ಬಸ್ಸಿಗೆ ಮಠ ಬಿಟ್ಟು ಹೊರಡುವವನಿದ್ದ. ಅಡಿಗೆಯವನು ತನ್ನ ತಟ್ಟೆಗೆ ಸಾರಿನ ತಿಳಿಯನ್ನಷ್ಟೇ ಬಡಿಸುತ್ತಾನೆ, ಜೊತೆಯವರು ತನ್ನನ್ನು ಕಂಡೊಡನೆ ಮಾತು ನಿಲ್ಲಿಸುತ್ತಾರೆ, ಬೆಳಗಿನ ಪ್ರಾರ್ಥನೆಯಲ್ಲಿ ಬೇಕೆಂದೇ ತನಗಿಂತ ಮೇಲಿನ ಶ್ರುತಿ ಹಿಡಿಯುತ್ತಾರೆ, ಇವು ಅವನ ದೂರುಗಳು. ಅವನು ಕೇಳಿದ್ದಕ್ಕೆ ಉತ್ತರವೂ ಅವನಲ್ಲಿಯೇ ಇತ್ತು. ಗುರುವಿನ ಬಾಯಿಂದಲೂ ಅದೇ ಬಂದರೆ ದಾರಿಯುದ್ದಕ್ಕೂ ಮನಸ್ಸು ಹಗುರವಾಗಿರುತ್ತದೆ ಎಂದು ಕೇಳಿದ್ದ, ಅಷ್ಟೆ.

ಅಜ್ಜಾರು ಪೂರ್ವಾಶ್ರಮದಲ್ಲಿ ಐಟಿಐ ಮೇಷ್ಟ್ರಾಗಿದ್ದವರು. ಅವರ ಕತೆಗಳಲ್ಲಿ ರಾಜರಾಣಿಯರು ಬರುತ್ತಿದ್ದುದು ಅಪರೂಪ. ತಂತಿ, ತಿರುಪು, ಬೆಸುಗೆಗಳೇ ಹೆಚ್ಚು. ಗಂಟನ್ನು ಕೆಳಗಿಟ್ಟು ಕೂತುಕೋ ಎಂದರು. ಅಡಿವೆಯ್ಯ ಕೂತ, ಗಂಟನ್ನು ಮಾತ್ರ ತೊಡೆಯ ಮೇಲೇ ಇಟ್ಟುಕೊಂಡ. ಅಜ್ಜಾರು ಕತೆಗೆ ತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ ಇದ್ದ. ಅವನು ಹಾಕಿದ ಹೊಲಿಗೆ ಬಿಚ್ಚಿತೆಂದು ಇಪ್ಪತ್ತು ವರ್ಷದಲ್ಲಿ ಒಬ್ಬನೂ ಅಂಗಡಿಗೆ ತಿರುಗಿ ಬಂದಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಅವನಿಗೆ ಒಂದೇ ಒಂದು ಹುಚ್ಚು. ಭಾನುವಾರ ಊರಾಚೆಯ ಬಯಲಿನಲ್ಲಿ ನಾಲ್ಕಾರು ಜನ ಸೇರಿ ಡ್ರೋನ್ ಹಾರಿಸುತ್ತಿದ್ದರು. ಅವರೊಡನೆ ತಾನೂ ಹಾರಿಸಬೇಕು, ಅದೂ ತನ್ನ ಕೈಯಾರೆ ಕಟ್ಟಿದ್ದನ್ನು ಹಾರಿಸಬೇಕು.

ಡ್ರೋನಿನ ಸಾಮಾನು ಮಾರುವ ಒಬ್ಬ ವ್ಯಾಪಾರಿ ಅದೇ ಪೇಟೆಯಲ್ಲಿದ್ದ. ದರ್ಜಿಗೆ ಚಿಕ್ಕಂದಿನ ಗೆಳೆಯ. ನಾಲ್ಕು ಮೂಲೆಗೆ ನಾಲ್ಕು ಮೋಟಾರು, ಒಂದೊಂದು ಮೋಟಾರಿಗೆ ಒಂದೊಂದು ಕಂಟ್ರೋಲರ್, ಎಲ್ಲವೂ ಅವನ ಅಂಗಡಿಯಿಂದಲೇ ಬಂದವು. ಎಷ್ಟು ವೇಗದಲ್ಲಿ ತಿರುಗಬೇಕೆಂದು ಮೋಟಾರಿಗೆ ಹೇಳುವುದು ಕಂಟ್ರೋಲರ್. ಬ್ಯಾಟರಿಯಿಂದ ನಾಲ್ಕು ಕಂಟ್ರೋಲರಿಗೂ ಕರೆಂಟು ಹೋಗಲು ಕವಲೊಡೆದ ತಂತಿ ಬೇಕು. ಆ ಕವಲುಗಳನ್ನು ಮಾತ್ರ ದರ್ಜಿ ತಾನೇ ಬೆಸೆದ. ಬೆಸುಗೆಯ ಮೇಲೆ ಕಪ್ಪು ರಬ್ಬರ್ ಕೊಳವೆ ಎಳೆದು, ಅಂಗಿಗೆ ಕಾಲರು ಕೂರಿಸಿದಷ್ಟು ಅಂದವಾಗಿ ಮುಚ್ಚಿದ.

ಮೊದಲ ಭಾನುವಾರ ಡ್ರೋನ್ ಆಳೆತ್ತರ ಏರಿತು. ವೇಗ ಹೆಚ್ಚಿಸಿದೊಡನೆ ಹಿಂದಿನ ಎಡಮೂಲೆಯ ಮೋಟಾರು ತಡವರಿಸಿತು. ಡ್ರೋನ್ ಆ ಮಗ್ಗುಲಿಗೆ ಮಗುಚಿ ನೆಲಕ್ಕೆ ಬಿತ್ತು. ದರ್ಜಿ ಹೊಸ ಮೋಟಾರು ತಂದು ಹಾಕಿದ. ಮುಂದಿನ ಭಾನುವಾರವೂ ಅದೇ ಮೂಲೆ, ಅದೇ ತಡವರಿಕೆ. ಮತ್ತೊಂದು ತಂದ. ಅದೂ ತಡವರಿಸಿತು. ಆಗ ಅವನು ಬಯಲಿನಲ್ಲಿ ಎಲ್ಲರ ಮುಂದೆ, ಗೆಳೆಯನೆಂದು ನಂಬಿದ್ದಕ್ಕೆ ನನಗೆ ಸತ್ತ ಸಾಮಾನು ಕಟ್ಟಿದ್ದಾನೆ ಎಂದುಬಿಟ್ಟ.

ಮಾತಿಗೆ ಮೋಟಾರು ಬೇಕಿಲ್ಲ, ತಾನೇ ಹಾರುತ್ತದೆ. ವಾರ ಕಳೆಯುವುದರೊಳಗೆ ಅದು ಪೇಟೆಯನ್ನೆಲ್ಲ ಸುತ್ತಿತು. ಡ್ರೋನ್ ಹಾರಿಸುವವರು ಸಾಮಾನಿಗೆ ಪಕ್ಕದ ಊರಿಗೆ ಹೋಗತೊಡಗಿದರು. ವ್ಯಾಪಾರಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ದಾರಿ ನೋಡುತ್ತ ಕೂರುವ ಹಾಗಾಯಿತು.

ಇಲ್ಲಿಗೆ ಬಂದಾಗ ಅಡಿವೆಯ್ಯ ತಲೆಯಾಡಿಸಿದ. ದರ್ಜಿಯ ಸಂಕಟ ಅವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅಜ್ಜಾರು ಅದನ್ನು ಕಂಡರೂ ಕಾಣದವರಂತೆ ಕತೆಯನ್ನು ಮುಂದುವರಿಸಿದರು.

ಒಂದು ದಿನ ವ್ಯಾಪಾರಿ ಅಂಗಡಿಗೆ ಬೀಗ ಹಾಕಿ, ಬೀಗದಕೈ ಹಿಡಿದುಕೊಂಡು ನೇರ ದರ್ಜಿಯ ಮನೆಗೆ ಬಂದ. ದರ್ಜಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಏನಪ್ಪಾ, ನಾನು ನಿನಗೊಂದು ಹೆಣ ಮಾರಿದ್ದೇನಂತಲ್ಲ," ಎಂದ ವ್ಯಾಪಾರಿ. "ತೋರಿಸು. ಮುಖ ನೋಡಿಕೊಂಡು ಹೋಗುತ್ತೇನೆ."

"ಒಂದಲ್ಲ, ಮೂರು. ಮೇಜಿನ ಮೇಲೆ ಮಲಗಿಸಿದ್ದೇನೆ, ನೋಡು."

ವ್ಯಾಪಾರಿ ಜಗಳಕ್ಕೆ ನಿಲ್ಲಲಿಲ್ಲ. ಡ್ರೋನನ್ನು ಮೇಜಿಗೆ ಬಿಗಿದು ಕಟ್ಟಿದ. ಮೊದಲು ನಾಲ್ಕೂ ರೆಕ್ಕೆ ಬಿಚ್ಚಿ ಬದಿಗಿಟ್ಟ. ರೆಕ್ಕೆ ಇಲ್ಲದೆ ಅದು ಹಾರುವುದು ಹೇಗೆ ಎಂದು ದರ್ಜಿ ಕೊಂಕು ತೆಗೆದ. ಈಗ ಹಾರುವುದು ಬೇಡ, ತಿಳಿಯುವುದು ಬೇಕು ಎಂದ ವ್ಯಾಪಾರಿ. ನಾಲ್ಕರಲ್ಲಿ ಯಾವ ಮೋಟಾರಿನ ಮೇಲೆ ನೀನು ಆಣೆ ಇಡಬಲ್ಲೆ ಎಂದು ಕೇಳಿದ. ದರ್ಜಿ ಮುಂದಿನ ಬಲಮೂಲೆಯದನ್ನು ತೋರಿಸಿದ.

"ಅದನ್ನು ತಂದು ಈ ಕೆಟ್ಟ ಮೂಲೆಗೆ ಹಾಕು. ಇಲ್ಲಿನ ಹೆಣವನ್ನು ಒಯ್ದು ಅಲ್ಲಿ ಕೂರಿಸು. ತಡವರಿಕೆ ಮೋಟಾರಿನ ಜೊತೆಗೆ ಹೋದರೆ ದೋಷ ಮೋಟಾರಿನದು; ಈ ಬೀಗದಕೈ ನಿನ್ನ ಕೈಗೆ ಕೊಟ್ಟು ಹೋಗುತ್ತೇನೆ. ಅದು ಮೂಲೆಯಲ್ಲೇ ಉಳಿದರೆ, ಮೋಟಾರನ್ನು ಬೈದ ಬಾಯಿ ತೊಳೆದುಕೋ."

ದರ್ಜಿ ಬದಲಿಸಿದ. ವೇಗ ಏರಿಸಿದ. ಸತ್ತದ್ದೆಂದು ಅವನು ಹೆಸರಿಟ್ಟಿದ್ದ ಮೋಟಾರು ಹೊಸ ಜಾಗದಲ್ಲಿ ದುಂಬಿಯಂತೆ ಗುಂಯ್ ಎಂದಿತು. ಆಣೆ ಇಟ್ಟಿದ್ದ ಮೋಟಾರು ಕೆಟ್ಟ ಮೂಲೆಯಲ್ಲಿ ತಡವರಿಸಿತು.

ದರ್ಜಿಯ ಮುಖ ಸಣ್ಣಗಾಯಿತು. ಆದರೂ ಸೋಲು ಒಪ್ಪಲಿಲ್ಲ. ಹಾಗಾದರೆ ಕಂಟ್ರೋಲರ್ ಕೆಟ್ಟಿರಬೇಕು, ಅದೂ ನಿನ್ನ ಅಂಗಡಿಯದೇ ಎಂದ. ಅದನ್ನೂ ಹಾಗೆಯೇ ಕೇಳೋಣ ಎಂದ ವ್ಯಾಪಾರಿ. ಎಲ್ಲವನ್ನೂ ದರ್ಜಿ ಪ್ಲಗ್ಗಿನಿಂದ ಕೂಡಿಸಿದ್ದ, ಬಿಚ್ಚಿ ಹಾಕಲು ಒಂದು ಗಳಿಗೆ ಸಾಕಾಯಿತು. ಎರಡು ಮೂಲೆಯ ಕಂಟ್ರೋಲರ್‌ಗಳನ್ನು ಅದಲುಬದಲು ಮಾಡಿದರು. ತಡವರಿಕೆ ಕದಲಲಿಲ್ಲ. ಹಿಂದಿನ ಎಡಮೂಲೆಯಲ್ಲೇ ಕಾಲು ಮುರಿದುಕೊಂಡು ಕೂತಿತ್ತು.

ಆ ಮೂಲೆಯಲ್ಲಿ ಇನ್ನು ಉಳಿದದ್ದೇನು ಎಂದು ವ್ಯಾಪಾರಿ ಕೇಳಿದ. ದರ್ಜಿ ಬಗ್ಗಿ ನೋಡಿದ. ತಂತಿಯ ಕವಲೊಂದೇ ಉಳಿದಿತ್ತು.

"ಅದನ್ನು ನೋಡುವುದು ಬೇಡ," ಎಂದ. "ಅದು ನಾನೇ ಬೆಸೆದದ್ದು."

ವ್ಯಾಪಾರಿ ಬ್ಯಾಟರಿಯ ಪ್ಲಗ್ಗು ಕಿತ್ತ. ರಬ್ಬರ್ ಕೊಳವೆಯನ್ನು ಬ್ಲೇಡಿನಿಂದ ಸೀಳಿದ. ಉಗುರಿನ ತುದಿಯಿಂದ ತಂತಿಯನ್ನು ಮೆಲ್ಲಗೆ ಎತ್ತಿದ. ಬೇರಿಲ್ಲದ ಸಸಿ ಕಿತ್ತು ಬರುವಂತೆ ತಂತಿ ಬೆಸುಗೆಯಿಂದ ಎದ್ದು ಬಂತು. ಸೀಸ ಮೇಲೆ ಮುತ್ತಿನಂತೆ ಕೂತಿತ್ತು. ತಂತಿಯೊಳಗೆ ಇಳಿದೇ ಇರಲಿಲ್ಲ.

ಆದದ್ದು ಇಷ್ಟು. ದರ್ಜಿಯ ಕೈಗೆ ಇಸ್ತ್ರಿಪೆಟ್ಟಿಗೆಯ ಅಭ್ಯಾಸ. ರೇಷ್ಮೆಯ ಮೇಲೆ ಕಾದ ಪೆಟ್ಟಿಗೆ ನಿಂತರೆ ಬಟ್ಟೆ ಸುಡುತ್ತದೆ, ಆದ್ದರಿಂದ ಮುಟ್ಟಿದೊಡನೆ ಎತ್ತಬೇಕು. ಇಪ್ಪತ್ತು ವರ್ಷ ಅವನ ಮಾನ ಕಾಪಾಡಿದ ಕೈಗುಣ ಅದು. ಬೆಸುಗೆ ಹಾಕುವ ಕಾದ ಕಡ್ಡಿಯನ್ನೂ ಅವನು ಹಾಗೆಯೇ ಮುಟ್ಟಿಸಿ ಎತ್ತಿದ್ದ. ಆದರೆ ಬೆಸುಗೆ ಹಿಡಿಯಲು ತಂತಿಯೇ ಬಿಸಿಯಾಗಬೇಕು, ಬಿಸಿಯಾಗುವವರೆಗೆ ಕಡ್ಡಿ ನಿಲ್ಲಬೇಕು. ಮೂರು ಕವಲು ಹೇಗೋ ಹಿಡಿದುಕೊಂಡಿದ್ದವು. ನಾಲ್ಕನೆಯದು ನಿಧಾನಕ್ಕೆ ತಿರುಗುವಾಗ ಸುಮ್ಮನಿದ್ದು, ವೇಗ ಏರಿ ನಡುಕ ಹತ್ತಿದೊಡನೆ ಬಿಡುತ್ತಿತ್ತು.

ದರ್ಜಿ ಗೆಳೆಯನ ಕೈ ಹಿಡಿದು ತಪ್ಪಾಯಿತು ಎಂದ. ಅಂದದ್ದು ಬಯಲಿನಲ್ಲಿ, ಕೇಳಿದವರೂ ಅಲ್ಲೇ ಇದ್ದಾರೆ ಎಂದಷ್ಟೇ ಹೇಳಿ ವ್ಯಾಪಾರಿ ಎದ್ದು ಹೋದ. ಭಾನುವಾರ ದರ್ಜಿ ಬಯಲಿಗೆ ಹೋದ. ಕಳಚಿದ ತಂತಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಇದು ಯಾರ ಕೈಕೆಲಸ ಎಂಬುದನ್ನು ತನ್ನ ಬಾಯಿಂದಲೇ ಹೇಳಿದ. ಕೆಲವರು ನಕ್ಕರು. ಅವನು ನಗಲು ಬಿಟ್ಟ. ಮರುದಿನ ವ್ಯಾಪಾರಿಯ ಅಂಗಡಿಯ ಮುಂದೆ ಎರಡು ಕುರ್ಚಿಗಳಿದ್ದವು. ಇನ್ನು ಮೇಲೆ ಬೆಸುಗೆ ನನಗೆ ಬಿಡು, ನನ್ನ ಅಂಗಿ ನೀನು ಹೊಲಿ ಎಂದು ವ್ಯಾಪಾರಿ ಅವನನ್ನು ಛೇಡಿಸುತ್ತಿದ್ದ.

ಕತೆ ಮುಗಿಯಿತು. ಅಡಿವೆಯ್ಯನ ಮುಖ ಅರಳಿತ್ತು. ಕೊನೆಗೆ ದರ್ಜಿ ತಗ್ಗಿದ್ದು ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ನಡುವಿನ ಪರೀಕ್ಷೆ ಮಾತ್ರ ಬಹಳ ಹಿಡಿಸಿತು. ಹೆಣವೆನ್ನಿಸಿಕೊಂಡಿದ್ದ ಮೋಟಾರು ಜಾಗ ಬದಲಿಸಿದ ಕೂಡಲೇ ಹಾಡಿದ್ದು ಅವನ ಕಿವಿಯಲ್ಲಿ ಇನ್ನೂ ಗುನುಗುತ್ತಿತ್ತು. ಗಂಟನ್ನು ಮತ್ತೆ ಬಗಲಿಗೆ ಏರಿಸಿಕೊಂಡು ಎದ್ದು ನಿಂತ.

"ನನ್ನ ಮಾತೇ ನಿಜವಾಯಿತು, ಅಜ್ಜಾರೆ. ಮೋಟಾರಿನದು ಏನೂ ತಪ್ಪಿಲ್ಲ, ಮೂಲೆಯೇ ಕೆಟ್ಟದ್ದು. ಇದನ್ನು ನಾನು ಇಲ್ಲಿಗೆ ಬಂದು ಕಲಿತದ್ದೂ ಅಲ್ಲ. ಹೋದ ವರ್ಷ ಹೊಳೆಯಾಚೆಯ ಮಠದಲ್ಲಿದ್ದೆ, ಅಲ್ಲಿಯೂ ಯಾರೂ ನನ್ನೊಡನೆ ಸರಿಯಾಗಿ ಬಾಳಲಿಲ್ಲ. ಅದಕ್ಕೂ ಹಿಂದೆ ಗುಡ್ಡದ ಮಠದಲ್ಲಿದ್ದೆ, ಅಲ್ಲಿನವರೂ ಇಂಥವರೇ."

ಅಜ್ಜಾರು ಅವನನ್ನು ಅಕ್ಕರೆಯಿಂದ ನೋಡಿದರು.

"ಮೂರು ಮೂಲೆಗೆ ಹಾಕಿದರೂ ತಡವರಿಕೆ ನಿನ್ನ ಜೊತೆಗೇ ಬಂತಲ್ಲ, ತಮ್ಮಾ."