ಮುರಕಲ್ಲಿನ ತೂತುಗಳು

ಕಡಲ ಪಕ್ಕದ ಗುಡ್ಡದ ನೆತ್ತಿಯಲ್ಲಿ ಕರಿಬಂಡೆಯನ್ನೂ ಬುಡದಲ್ಲಿ ತೂತು ತೂತಾದ ಕೆಂಪು ಮುರಕಲ್ಲನ್ನೂ ಇಟ್ಟವನು ಒಬ್ಬನೇ ದೇವರು. ಆದರೆ ಗುಡ್ಡ ಹತ್ತುವವರು ಕೈಮುಗಿಯುತ್ತಿದ್ದುದು ಬಂಡೆಗೆ ಮಾತ್ರ. ಮುರಕಲ್ಲಿನಿಂದ ಒಸರುವ ನೀರನ್ನು ಕೊಡಕ್ಕೆ ತುಂಬಿ, ಅಲ್ಲೇ ಅರಳಿದ ಕೇಪಳದ ಹೂ ಕಿತ್ತು, ಮೇಲೆ ಹೋಗಿ ಬಂಡೆಯ ತಲೆಗೆ ಸುರಿಯುವುದು ಅವರ ಪದ್ಧತಿ.

ಮುರಕಲ್ಲಿಗೆ ಹೊಟ್ಟೆ ಉರಿಯಿತು. "ಆ ಬಂಡೆಯ ಮೈ ನುಣುಪು, ಅದಕ್ಕೇ ಪೂಜೆ. ಗೆದ್ದಲುಗಳೇ, ನನ್ನ ತೂತುಗಳಿಗೆಲ್ಲ ಮಣ್ಣು ಮೆತ್ತಿ!"

"ನಿನ್ನ ನೀರನ್ನೇ ನಂಬಿದ ನನ್ನ ಗತಿಯೇನು ಮಾರಾಯ?" ಎಂದಿತು ಕೇಪಳದ ಗಿಡ.

"ನೀನು ಸುಮ್ಮನಿರು. ನಿನ್ನ ಹೂವೂ ಅವನ ತಲೆಗೇ ಹೋಗುವುದು!"

ಮುರಕಲ್ಲು ನುಣುಪಾಯಿತು. ನೀರು ನಿಂತಿತು, ಕೇಪಳ ಬಾಡಿತು.

ಸಂಕ್ರಮಣದ ದಿನ ಗುಲಾಬಿಯಜ್ಜಿ ಕೊಡ ಹಿಡಿದು ಬಂದಳು. "ಅಯ್ಯೋ ದೇವರೇ, ಬರಿಗೊಡದಲ್ಲಿ ಹೇಗೆ ಹತ್ತಲಿ?" ಎಂದು ಬಿಸಿಲಲ್ಲೇ ಕುಸಿದು ಕೂತಳು. ಮುರಕಲ್ಲಿನ ನುಣುಪಾದ ಮೈಯತ್ತ ತಿರುಗಿಯೂ ನೋಡಲಿಲ್ಲ.

ಆಗ ಮೇಲಿನಿಂದ ಬಂಡೆ ಕೂಗಿತು: "ತಮ್ಮಾ, ನನ್ನ ಹಾಗೆ ಯಾಕಾದೆ? ನನ್ನೊಳಗೆ ಒಂದು ಹನಿಯೂ ಇಳಿಯದು, ಸುರಿದದ್ದೆಲ್ಲ ಜಾರಿಹೋಗುತ್ತದೆ. ಮಳೆಯನ್ನೇ ಒಳಗಿಟ್ಟುಕೊಳ್ಳುವ ನಿನ್ನನ್ನು ಕಂಡು ಎಷ್ಟು ಕರುಬಿದ್ದೇನೆ, ಬಲ್ಲೆಯಾ?"

"ನೀನು? ನನ್ನನ್ನು ಕಂಡು?"

ಮುರಕಲ್ಲು ನಾಚಿತು. "ಗೆದ್ದಲುಗಳೇ, ಮಣ್ಣು ತೆಗೆಯಿರಿ, ಬೇಗ! ಅಜ್ಜಿ ಕಾಯುತ್ತಿದ್ದಾಳೆ."

ನೀರು ಒಸರಿತು. ಅಜ್ಜಿ ಮೊದಲ ಬೊಗಸೆ ತಾನು ಕುಡಿದಳು, ಎರಡನೆಯದನ್ನು ಕೇಪಳದ ಬುಡಕ್ಕೆ ಹಾಕಿದಳು, ಕೊಡ ತುಂಬಿಕೊಂಡು ದೇವರನ್ನು ನೆನೆಯುತ್ತ ಹತ್ತತೊಡಗಿದಳು. ಕೆಳಗಿನಿಂದ ಮುರಕಲ್ಲು ಕೂಗಿ ಹೇಳಿತು:

"ಅಣ್ಣಾ, ಅಜ್ಜಿಯ ಕೊಡದಲ್ಲಿ ನಾನೂ ಬರುತ್ತಿದ್ದೇನೆ!"