ತಾಗಿದ ಪೊರಕೆ

“ಬುದ್ಧೀ, ವಿದ್ವತ್ ಸಭೆಯಲ್ಲಿ ಶಾಲು ನನಗೇ ಬರುವುದಿತ್ತು. ಪ್ರಶ್ನೆಗಳು ನಮಗೆ ಮೊದಲೇ ಗೊತ್ತಿದ್ದವೆಂದು ನಂಜಯ್ಯ ಎದ್ದು ನಿಂತು ಹೇಳಿಬಿಟ್ಟ. ಜೊತೆಯಲ್ಲೇ ಓದಿದವನು. ಅವನನ್ನು ಹೇಗೆ ಕ್ಷಮಿಸಲಿ?” ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಚಳಿಯ ದೇಶವೊಂದರಲ್ಲಿ ಕರ್ಲಿಂಗ್ ಎಂಬ ಆಟವಿದೆ. ಹೆಪ್ಪುಗಟ್ಟಿದ ನೀರಿನ ಮೇಲೆ ಭಾರವಾದ ಕಲ್ಲನ್ನು ಜಾರಿಸಿ ಗುರಿ ಸೇರಿಸಬೇಕು. ಜಾರುವ ಕಲ್ಲಿನ ಮುಂದೆ ಜೊತೆಗಾರರು ಪೊರಕೆಯಿಂದ ಉಜ್ಜುತ್ತಾ ಓಡುತ್ತಾರೆ. ಉಜ್ಜಿದಷ್ಟೂ ಕಲ್ಲು ದೂರ ಹೋಗುತ್ತದೆ. ಪೊರಕೆ ಕಲ್ಲಿಗೆ ತಾಗಬಾರದು. ತಾಗಿದರೆ, ಯಾರೂ ನೋಡದಿದ್ದರೂ, ತಾಗಿಸಿದವನೇ ಹೇಳಬೇಕು. ಅದು ಆ ಆಟದವರ ಪದ್ಧತಿ.

ಅಲ್ಲಿ ಒಬ್ಬ ಆಟಗಾರನಿದ್ದ. ಇಪ್ಪತ್ತೆರಡು ವರ್ಷ ಆಡಿದರೂ ದೊಡ್ಡ ಕಪ್ ಅವನ ಕೈಗೆ ಬಂದಿರಲಿಲ್ಲ. ಕೊನೆಗೊಂದು ವರ್ಷ ಕೊನೆಯ ಪಂದ್ಯದ ಕೊನೆಯ ಕಲ್ಲನ್ನು ಅವನೇ ಜಾರಿಸಿದ. ಕಲ್ಲು ಗುರಿಯ ನಡುವೆ ಹೋಗಿ ನಿಂತಿತು. ಜನ ಎದ್ದು ಕೂಗಿದರು. ಆಗ ಕಲ್ಲಿನ ಮುಂದೆ ಉಜ್ಜಿದ್ದ ಅವನ ಗೆಳೆಯ ಕೈ ಎತ್ತಿ, “ನನ್ನ ಪೊರಕೆ ತಾಗಿತು” ಎಂದ. ಕಲ್ಲನ್ನು ತೆಗೆದುಹಾಕಿದರು. ಕಪ್ ಎದುರಾಳಿಗಳ ಪಾಲಾಯಿತು.

ಆಟಗಾರ ಗೆಳೆಯನೊಡನೆ ಮಾತು ಬಿಟ್ಟ. ಮರುವರ್ಷ ಮಂಡಿ ಕೆಟ್ಟಿತು, ಆಟವನ್ನೂ ಬಿಟ್ಟ. ಇನ್ನೇನು ಮಾಡುವುದೆಂದು ಕುಳಿತಿದ್ದಾಗ ರೇಡಿಯೋದವರು ಕರೆದು, ಪಂದ್ಯಗಳ ವೀಕ್ಷಕ ವಿವರಣೆ ಹೇಳಲು ಕೂರಿಸಿದರು. ಅವನಿಗೆ ಆ ಕೆಲಸ ಒಗ್ಗಿತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದವರು, ದೂರದ ಊರುಗಳ ಮುದುಕರು ಅವನ ಮಾತಿಗಾಗಿ ಕಾದಿರುತ್ತಿದ್ದರು. ಆಡುವಾಗ ಸಿಗದ ಪ್ರೀತಿ ಹೇಳುವಾಗ ಸಿಕ್ಕಿತು. ಅದಕ್ಕಾಗಿ ಪ್ರತಿದಿನ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿಯುತ್ತಿದ್ದ. ಗೆಳೆಯನನ್ನು ಮಾತ್ರ ನೆನೆಯುತ್ತಿರಲಿಲ್ಲ.

ಆ ಕೆಲಸದ ಹನ್ನೊಂದನೆಯ ವರ್ಷ ಒಂದು ದಿನ ಅವನು ರೇಡಿಯೋದ ಮುಖ್ಯಸ್ಥೆಯನ್ನು ಕೇಳಿದ: “ಕಪ್ ಗೆದ್ದವರು ಎಷ್ಟೋ ಜನ ಇದ್ದರು. ಸೋತ ನನ್ನನ್ನೇ ಯಾಕೆ ಕರೆದಿರಿ?”

ಆಕೆ ಹೇಳಿದಳು: “ರೇಡಿಯೋ ಕೇಳುವವರಿಗೆ ಆಟ ಕಾಣಿಸುವುದಿಲ್ಲ. ನೀವು ಹೇಳಿದ್ದನ್ನು ನಂಬಬೇಕು, ಅಷ್ಟೆ. ಗೆದ್ದ ಕಪ್ಪನ್ನು ಬಿಟ್ಟುಕೊಟ್ಟು ನಿಜ ಹೇಳಿದ ತಂಡದವರು ನೀವೆಂದು ದೇಶಕ್ಕೆಲ್ಲ ಗೊತ್ತಿತ್ತು. ಬೇರೆ ಹೆಸರನ್ನು ನಾವು ಯೋಚಿಸಲೇ ಇಲ್ಲ.”

ಅವನಿಗೆ ಮುಖ ಎತ್ತಲಾಗಲಿಲ್ಲ. ನಿಜ ಹೇಳಿದವನು ತಾನಲ್ಲ ಎಂಬುದು ಅವನಿಗೆ ಗೊತ್ತಿತ್ತು. ನೆಟ್ಟಗೆ ಗೆಳೆಯನ ಮನೆಗೆ ಹೋದ. ಗೆಳೆಯ ಬಾಗಿಲು ತೆರೆದು ಮೇಲಿಂದ ಕೆಳಗೆ ನೋಡಿದ.

“ಏನಯ್ಯಾ, ರೇಡಿಯೋದಿಂದ ಇಳಿದು ಬಂದೆಯಾ? ನಿನ್ನ ಕಲ್ಲು ಯಾವತ್ತೂ ನಿನ್ನ ಬಾಯಿಯಷ್ಟು ಚೆನ್ನಾಗಿ ಓಡಲಿಲ್ಲ ಬಿಡು.”

ಅಂದರೆ ಇಷ್ಟು ವರ್ಷವೂ ಗೆಳೆಯ ರೇಡಿಯೋ ಕೇಳುತ್ತಲೇ ಇದ್ದ. ಮುಚ್ಚಿಡಬಾರದೆಂದು ಆಟಗಾರ ಇದ್ದದ್ದನ್ನು ಇದ್ದಹಾಗೆ ಹೇಳಿದ: “ನಿನ್ನಿಂದ ನನಗೆ ಅನ್ನ ಸಿಕ್ಕಿದೆ, ಮಾರಾಯ. ಆದರೆ ಆ ದಿನ ಪೊರಕೆ ನನ್ನ ಕೈಯಲ್ಲಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ.”

“ಗೊತ್ತು ಕಣೋ,” ಎಂದು ಗೆಳೆಯ ನಕ್ಕ. “ಪೊರಕೆ ನನ್ನ ಕೈಯಲ್ಲಿದ್ದದ್ದೇ ಒಳ್ಳೆಯದಾಯಿತು. ಒಳಗೆ ಬಾ, ಚಳಿ.”

ಕತೆ ಮುಗಿಸಿ ಗುರುಗಳು ಶಿಷ್ಯನ ಕಡೆಗೆ ತಿರುಗಿದರು.

“ಈಗ ಹೇಳು ಮಗು, ನಂಜಯ್ಯನ ಯಾವ ತಪ್ಪನ್ನು ನೀನು ಕ್ಷಮಿಸಬೇಕಾಗಿದೆ?”

ಮರುಳಸಿದ್ಧ ಎದ್ದು ನಂಜಯ್ಯನನ್ನು ಹುಡುಕಿಕೊಂಡು ಹೊರಟ.