ಊರಿನ ಅಂಚು ಹುಡುಕಿದ ಕುರಿಗಾಹಿ

ಸೋಮರಸನು ಹೊಳಲಗಿರಿಯ ಪಟ್ಟಕ್ಕೆ ಬಂದ ಹನ್ನೊಂದನೆಯ ವರ್ಷ, ಸುಗ್ಗಿ ಮುಗಿದ ವಾರ, ನಾಡಿನ ಊರೂರಿನಲ್ಲಿ ಡಂಗುರ ಹೊಡೆಸಿದರು.

"ಕೇಳಿರಪ್ಪಾ ಕೇಳಿ. ನಮ್ಮ ಊರುಗಳು ಹಳೆಯ ಕೋಟೆ ದಾಟಿ ಬೆಳೆದಿವೆ. ಮಹಾರಾಜರು ಹೊಸ ಕೋಟೆಗಳನ್ನು ಕಟ್ಟಿಸುತ್ತಾರೆ. ಊರು ಎಲ್ಲಿಗೆ ಮುಗಿಯಿತು, ಹೊಲ ಎಲ್ಲಿಂದ ಶುರುವಾಯಿತು ಎಂದು ನಾಡಿನ ಉದ್ದಗಲಕ್ಕೂ ನಕ್ಷೆ ಬರೆಯಲು ರಾಜಕುಮಾರಿ ಪದ್ಮಲೆಗೆ ಜೊತೆಗಾರ ಬೇಕು. ಆಕೆಯ ಮೂರು ಒಗಟು ಬಿಡಿಸಿದವನಿಗೆ ಆಕೆಯೊಡನೆ ಮದುವೆ, ಮೇಲೆ ಬೇಡಿದ್ದೊಂದು ವರ. ತಪ್ಪಿದವನಿಗೆ ಅಮಾವಾಸ್ಯೆಯಂದು ತಲೆದಂಡ."

ಕುರಿ ಕಾಯುವ ಮಾಳಿಂಗನಿಗೆ ಮದುವೆಯ ಯೋಚನೆ ಇರಲಿಲ್ಲ. ವರ ಎಂಬ ಮಾತು ಮಾತ್ರ ಕಿವಿಗೆ ಬಿತ್ತು. ಅವನ ಮನೆಯವರು ಪ್ರತಿ ವರ್ಷ ಬಯಲುಸೀಮೆಯಿಂದ ಹೊಳೆದಂಡೆಗೆ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ದಾರಿಗೆ ಅಡ್ಡಲಾಗಿ, ರಾಜಧಾನಿಯ ಮೂಡಲಿಗೆ, ಹೊಸ ಗೋಡೆಯ ಗೂಟ ನೆಟ್ಟಿದ್ದರು. ಗೋಡೆ ಎದ್ದರೆ ಬೆಟ್ಟ ಸುತ್ತಿ ಹೋಗಬೇಕು. ಅಲ್ಲಿ ನೀರಿಲ್ಲ. ಅರ್ಧ ಮಂದೆ ಹೊಳೆ ಮುಟ್ಟುವುದಿಲ್ಲ.

ತಲೆ ಹೋದರೆ ಕುರಿ ಯಾರು ನೋಡುತ್ತಾರೆ ಎಂದು ಅವ್ವ ತಡೆದಳು. ದಾರಿ ಹೋದರೆ ನೋಡಲು ಕುರಿ ಎಲ್ಲಿರುತ್ತವೆ ಎಂದು ಮಾಳಿಂಗ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ.

ಅವನು ಅರಮನೆ ತಲುಪುವ ಹೊತ್ತಿಗೆ ಪಡುವಣ ಸೀಮೆಯ ರಾಜಕುಮಾರ ಬಿಜ್ಜರಸ ಮೊದಲ ಒಗಟಿಗೇ ಸೆರೆ ಸೇರಿದ್ದ. ಉಳಿದವನು ಕೋಶಾಧಿಕಾರಿಯ ಮಗ ಚಂದ್ರಮೌಳಿ ಒಬ್ಬನೇ. ಅವನು ಮಾಳಿಂಗನ ಕಂಬಳಿ ನೋಡಿ ಮೂಗು ಮುಚ್ಚಿಕೊಂಡ. ತಲೆ ಕಡಿಯುವವನಿಗೆ ನಿನ್ನ ಹತ್ತಿರ ಬರಲು ಕಷ್ಟವಾದೀತು ಎಂದ. ಹಾಗಾದರೆ ಮೊದಲು ನಿಮ್ಮ ಹತ್ತಿರ ಬರಲಿ ಎಂದ ಮಾಳಿಂಗ.

ಪದ್ಮಲೆ ಒಬ್ಬರಿಗೊಬ್ಬರು ಕಾಣದಂತೆ ಇಬ್ಬರನ್ನೂ ದೂರ ಕೂರಿಸಿ, ಮುಂದೆ ಮರಳಿನ ತಟ್ಟೆ ಇಡಿಸಿದಳು.

"ಹೊಲ ತಿನ್ನುತ್ತದೆ, ಕೆರೆ ಕುಡಿಯುತ್ತದೆ, ಕಾಲಿಲ್ಲದೆ ಮುಂದಕ್ಕೆ ಬರುತ್ತದೆ. ಬಂದದ್ದು ಹಿಂದಕ್ಕೆ ಹೋದದ್ದನ್ನು ಈ ನಾಡಿನಲ್ಲಿ ಯಾರೂ ಕಂಡಿಲ್ಲ. ಯಾವುದು? ಬಿಜ್ಜರಸರು ಬೆಂಕಿ ಎಂದರು. ಬೆಂಕಿ ಹೋದ ಜಾಗದಲ್ಲಿ ಮರುವರ್ಷ ಹುಲ್ಲು ಬರುತ್ತದೆ, ಅದಲ್ಲ."

ಚಂದ್ರಮೌಳಿ ಮರಳಿನಲ್ಲಿ ಊರು ಎಂದು ಬರೆದ. ಮಾಳಿಂಗ ಒಂದು ಮನೆ ಗೀಚಿದ, ಪಕ್ಕದಲ್ಲಿ ಇನ್ನೊಂದು, ಮತ್ತೊಂದು, ತಟ್ಟೆ ತುಂಬುವವರೆಗೂ. ಪದ್ಮಲೆ ಎರಡನ್ನೂ ಒಪ್ಪಿದಳು.

"ಎರಡನೆಯದು. ಅಕ್ಕತಂಗಿಯರಿಬ್ಬರು ಬೇಸಿಗೆಯಲ್ಲಿ ಒಂದೇ ಕಂದು ಬಣ್ಣದ ಸೀರೆ ಉಡುತ್ತಾರೆ. ಗೋಪುರದ ಮೇಲಿಂದ ನೋಡಿದರೆ ಯಾರು ಯಾರೆಂದು ತಿಳಿಯದು. ಒಬ್ಬಳ ಪೆಟ್ಟಿಗೆಯಲ್ಲಿ ಮಾತ್ರ ಇನ್ನೊಂದು ಸೀರೆ ಇದೆ. ಅವರು ಯಾರು? ಗೋಪುರ ಇಳಿಯದೆ ಹೇಗೆ ಗುರುತಿಸುವುದು?"

ಈ ಸಲ ಬಾಯಲ್ಲೇ ಹೇಳಬೇಕಿತ್ತು. ಚಂದ್ರಮೌಳಿಗೆ ಮೊದಲ ಸರದಿ. ಒಬ್ಬಳು ಊರು, ಒಬ್ಬಳು ಕಾಡು, ಇನ್ನೂ ಎತ್ತರದ ಗೋಪುರ ಕಟ್ಟಿದರೆ ಕಾಣುತ್ತದೆ ಎಂದ. ಕಾವಲಿನವರು ಅವನನ್ನು ಕರೆದೊಯ್ದರು.

ಮಾಳಿಂಗ ಅವಸರ ಮಾಡಲಿಲ್ಲ.

"ಉತ್ತ ಹೊಲ ಒಬ್ಬಳು, ದೊರೆಸಾನಿ. ಮನೆ ಕಟ್ಟಲು ದಮ್ಮಸು ಮಾಡಿದ ನೆಲ ಇನ್ನೊಬ್ಬಳು. ಬೇಸಿಗೇಲಿ ಎರಡೂ ಬರೀ ಮಣ್ಣು. ಎತ್ತರ ಹತ್ತಿದರೆ ಪ್ರಯೋಜನ ಇಲ್ಲ. ಮಳೆ ಬಂದ ಮೇಲೆ ಇನ್ನೊಂದು ಸಲ ನೋಡಬೇಕು. ಹೊಲದವಳು ಹಸಿರು ಉಟ್ಟಿರುತ್ತಾಳೆ."

ಸಭೆಯಲ್ಲಿ ಯಾರೋ ಹೌದಲ್ಲ ಎಂದರು. ಪದ್ಮಲೆಯ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು.

"ಕೊನೆಯದು. ಒಂದು ಇಟ್ಟಿಗೆ ಬಿದ್ದಿಲ್ಲ, ಒಂದು ಗೂಟ ನೆಟ್ಟಿಲ್ಲ. ಎತ್ತು ಉಳುತ್ತಿದೆ, ಜೋಳ ನಿಂತಿದೆ. ಆದರೂ ಆ ಹೊಲ ಆಗಲೇ ಊರಾಗಿದೆ. ಅದರ ಗುರುತೇನು?"

"ಒಡೆಯ ಮಂದೆ ಕೂಡಿಸಲು ಕರೆಯುವುದಿಲ್ಲ."

ಮಂತ್ರಿ ಎದ್ದು ನಿಂತ. ಪದ್ಮಲೆಯ ಮನಸ್ಸಿನಲ್ಲಿದ್ದ ಉತ್ತರ ಅವನಿಗೂ ಗೊತ್ತಿತ್ತು. ಹೊಲಕ್ಕೆ ಹೊಸ ಗಾಡಿದಾರಿ ಬೀಳುವುದು ಎನ್ನಬೇಕಿತ್ತು, ಇದು ತಪ್ಪು ಎಂದ. ಕಾವಲಿನವನು ಮಾಳಿಂಗನ ತೋಳು ಹಿಡಿದ. ಮಾಳಿಂಗ ತೋಳು ಬಿಡಿಸಿಕೊಳ್ಳಲಿಲ್ಲ, ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸುಗ್ಗಿ ಆದ ಮೇಲೆ ರೈತರು ದಾರಿಗೇ ಬಂದು ಕರೀತಾರೆ, ದೊರೆಸಾನಿ. ರಾತ್ರಿ ನಮ್ಮ ಹೊಲದಲ್ಲಿ ಕುರಿ ಮಲಗಿಸು, ಗೊಬ್ಬರ ಆಗಲಿ ಅಂತ. ಊಟ ಕೊಡ್ತಾರೆ, ಕಾಳು ಕೊಡ್ತಾರೆ. ಹಾಗೆ ಕರೆಯುತ್ತಿದ್ದವನು ಒಂದು ವರ್ಷ ಬೇಡ ಅಂದರೆ, ಆ ಮಣ್ಣಿನ ಆಸೆ ಬಿಟ್ಟಿದ್ದಾನೆ ಅಂತ. ಗಾಡಿದಾರಿ ಆಮೇಲೆ ಬರುತ್ತೆ."

"ಅಂಥ ಒಂದು ಹೊಲ ಹೇಳು," ಎಂದಳು ಪದ್ಮಲೆ.

ಮಾಳಿಂಗ ಊರ ಗೌಡರು ಕೂತಿದ್ದ ಸಾಲಿನ ಕಡೆ ತಿರುಗಿದ. ಮೂಡಲ ಬಾಗಿಲಾಚೆಯ ಕಲ್ಲನಗೌಡರ ಎರೆಹೊಲ ಎಂದ. ಎಲ್ಲರೂ ಕಲ್ಲನಗೌಡನನ್ನು ನೋಡಿದರು. ಅವನು ರುಮಾಲು ಸರಿಮಾಡಿಕೊಂಡು ಎದ್ದ.

"ಹೌದು ತಾಯಿ, ಈ ಸಲ ಬೇಡ ಅಂದೆ. ಮಕ್ಕಳು ಅಲ್ಲಿ ಮನೆಸಾಲು ಎಬ್ಬಿಸಬೇಕು ಅಂತಾರೆ. ಎರಡು ವರ್ಷಕ್ಕೆ ಬೀದಿ ಆಗೋ ಮಣ್ಣಿಗೆ ಗೊಬ್ಬರ ಯಾಕೆ ಹಾಕಿಸಲಿ?"

"ಗಾಡಿದಾರಿ ಬಿದ್ದಿದೆಯೆ?"

"ಇನ್ನೂ ಇಲ್ಲ ತಾಯಿ."

ಪದ್ಮಲೆ ಮಂತ್ರಿಗೆ ಕೂರಲು ಹೇಳಿದಳು. "ನನ್ನ ಗುರುತು ಊರು ಬರುವ ಒಂದು ವರ್ಷ ಮುಂಚೆ ಕಾಣುತ್ತದೆ. ಇವನದು ಎರಡು ವರ್ಷ ಮುಂಚೆ. ನಕ್ಷೆಗೆ ಇವನದೇ ಬೇಕು."

ಕಾವಲಿನವನು ತೋಳು ಬಿಟ್ಟ. ವರ ಏನು ಎಂದು ರಾಜ ಕೇಳಿದ. ಮೂಡಲ ಗೋಡೆಯಲ್ಲಿ ಕುರಿದಾರಿಗೆ ಜಾಗ ಬಿಡಬೇಕು, ಅದರ ಮೇಲೆ ಯಾವ ಕಾಲಕ್ಕೂ ಮನೆ ಏಳಬಾರದು ಎಂದ ಮಾಳಿಂಗ. ಜೊತೆಗೆ ಸೆರೆಯಲ್ಲಿರುವವರನ್ನೂ ಬಿಡಿ, ಊರೊಳಗೇ ಬೆಳೆದವರಿಗೆ ಊರಿನ ಅಂಚು ಎಲ್ಲಿಂದ ಗೊತ್ತಾಗಬೇಕು ಎಂದ. ಒಂದು ವರ ಎಂದಿದ್ದೆವು ಎಂದು ಮಂತ್ರಿ ಗೊಣಗಿದ. ಎರಡನೆಯದು ನನ್ನ ಲೆಕ್ಕಕ್ಕೆ ಇರಲಿ ಎಂದಳು ಪದ್ಮಲೆ.

"ಮದುವೆ?" ಎಂದು ಅವಳೇ ಕೇಳಿದಳು.

"ಮಂದೆಯ ಹಿಂದೆ ನಡೆಯಬೇಕಾಗುತ್ತೆ, ದೊರೆಸಾನಿ."

"ನಡೆಯದೆ ನಾಡಿನ ನಕ್ಷೆ ಬರೆದವರು ಯಾರಿದ್ದಾರೆ?"

ಇಬ್ಬರೂ ಪ್ರತಿ ಊರನ್ನೂ ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ನೋಡಿದರು. ನಕ್ಷೆಯಲ್ಲಿ ಕಟ್ಟಿದ ನೆಲಕ್ಕೆ ಕೆಂಪು, ಉಳುವ ನೆಲಕ್ಕೆ ಹಸಿರು, ಮಂದೆ ಬೇಡವೆಂದ ಹೊಲಕ್ಕೆ ಹಳದಿ ಬಳಿದರು. ರಾಜಧಾನಿಯ ಮೂಡಲಿಗೆ ಕೆಂಪಿನ ನಡುವೆ ಬಣ್ಣ ಹಾಕದ ಒಂದು ಪಟ್ಟಿ ಹೊಳೆಯವರೆಗೂ ಹೋಗಿತ್ತು. ನೆಲದ ಮೇಲೆ ಆ ಕುರಿದಾರಿಯ ಅಗಲ ನಲವತ್ತು ಮಾರು.